ಬಿಡಿಸಿ ಕೊಟ್ಟ ಪೇಪರ್

ವೆಂಕಟಗಿರಿ ಸಾರ್,

ನೀವು ತೀರಿಹೋದ ಮೇಲೂ ಲೈಬ್ರರಿ ಸುದ್ದಿ ನಿಮಗೆ ಹೇಳೋ ಚಟ ನನ್ನನ್ನು ಬಿಟ್ಟಿಲ್ಲ. ನಮ್ಮ ಗೋವಿಂದರಾಜನಗರದ ಲೈಬ್ರರಿ ಕೆಲಸಕ್ಕೆ ಇನ್ನು ಸರ್ಕಾರಿ ನೇಮಕಾತಿ ಪರೀಕ್ಷೆ ಬೇಕಿಲ್ಲ, ನಾವೇ ನೋಡಿ ಆರಿಸಿಕೊಳ್ಳಬಹುದು. ವಶೀಲಿ ಶುರುವಾಗುತ್ತೆ ಅಂತ ಸಿಡುಕಿದ್ದೆ. ಫೋನುಗಳೂ ಬಂದವು, ನಾನು ಎತ್ತಲಿಲ್ಲ ಬಿಡಿ.

ಇವತ್ತು ಸಂದರ್ಶನ. ಬಂದವರೆಲ್ಲ ಓದುವ ಕೋಣೆಯಲ್ಲೇ ಕಾಯ್ತಿದ್ದರು. ನಮ್ಮ ರಿಟೈರ್ಡ್ ತಾತಂದಿರಿಬ್ಬರು ಎಂದಿನಂತೆ ಒಂದೇ ಪೇಪರಿಗೆ ಜಗಳ ತೆಗೆದರು. ಬಾಗಲಕೋಟೆ ಕಡೆಯ ಗುರುದೇವಿ ಅನ್ನೋ ಹುಡುಗಿ ಎದ್ದುಹೋಗಿ, ಹಾಳೆ ಬಿಡಿಸಿ, ಒಬ್ಬರಿಗೆ ಮುಖಪುಟ, ಇನ್ನೊಬ್ಬರಿಗೆ ಕ್ರಿಕೆಟ್ ಪುಟ ಕೊಟ್ಟಳು. "ಓದಿ ಅದಲಬದಲ ಮಾಡ್ಕೋರಿ ಅಜ್ಜಾರ" ಅಂದಳು. ಥೇಟ್ ನೀವು ಮಾಡ್ತಿದ್ದ ಹಾಗೆ. ಆಮೇಲೆ ಸಂದರ್ಶನದಲ್ಲಿ ಅವಳನ್ನು ಹೆಚ್ಚೇನೂ ಕೇಳದೆ ಆರಿಸಿಕೊಂಡೆ.

ಪರೀಕ್ಷೆ ಪಾಸಾಗಿ ಬಂದವಳು ನಾನು. ಕೆಲಸ ಕಲಿಸಿದವರು ನೀವು. ನೀವು ಮಾತ್ರ ಕೊನೇವರೆಗೂ ಟೆಂಪರರಿ.

ಸಂಜೆ ನಿಮ್ಮ ಕುರ್ಚಿ ಒರೆಸಿ ಅವಳನ್ನು ಕೂರಿಸಿದೆ. "ಮೊದಲ ಇಲ್ಲಿ ಯಾರ ಇದ್ರರೀ ಮೇಡಂ?" ಅಂದಳು.

"ವೆಂಕಟಗಿರಿ ಅಂತ," ಅಂದೆ. "ಈ ಲೈಬ್ರರೀಲಿ ಕಾಯಂ ಆಗಿದ್ದೋರು ಅವರೊಬ್ಬರೇ ಕಣಮ್ಮ."

ಶುಭಾ