ಅತ್ತಿಗೆಯ ಹಳೇ ಕಾಲದ ಕೇಕು

ಡಿಸೆಂಬರ್ 3, ಮಂಗಳವಾರ

ಮತ್ತೆ ಮೈದಾ ಜರಡಿ ಹಿಡಿದೆ. ಇವತ್ತಿನ ಕೇಕೂ ನಡುವೆ ಕುಸಿಯಿತು. ಅಶ್ವಿತಾ ಅತ್ತಿಗೆ ಓವನ್ನನ್ನು ಬೈದರು, ಗ್ಯಾಸನ್ನು ಬೈದರು, ಕೊನೆಗೆ ನನ್ನನ್ನು. ಮಡಿಕೇರಿಯಲ್ಲಿ ಬೇಕಿಂಗ್ ಕ್ಲಾಸಿಗೆ ಹೋಗಿ ಬಂದವರು, ಅವರದು ತಪ್ಪಿರುವುದಿಲ್ಲ. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಅಜ್ಜನ ಫೋಟೋದ ಪಕ್ಕದಲ್ಲೇ ಮೊಳೆ ಹೊಡೆದಿದ್ದಾರೆ.

ಹಳೇ ಕಾಲದ ಚಾಕೊಲೇಟ್ ಲೇಯರ್ ಕೇಕ್ ಅಂತೆ. ಯಾರ ಹಳೇ ಕಾಲ? ನಮ್ಮಜ್ಜಿ ಅಕ್ಕಿ ತರಿಯ ಕಡಂಬುಟ್ಟು ಉಂಡೆ ಬೇಯಿಸಿಯೇ ಸತ್ತರು.

ಡಿಸೆಂಬರ್ 8, ಭಾನುವಾರ

ಬೆಳ್ಯಪ್ಪಣ್ಣನ ಹೋಂಸ್ಟೇಗೆ ವಾರವಾರ ಕೇಕ್ ಬೇಕಂತೆ. ಶನಿವಾರ ರುಚಿ ನೋಡಲು ಬರುತ್ತಾರೆ. ಕಕ್ಕಬೆಯವರೆಗೆ ಬೆಟ್ಟ ಹತ್ತಿ ಬಂದು ಪೇಟೆಯ ಕೇಕ್ ತಿನ್ನುವ ಗೆಸ್ಟ್‌ಗಳು...

"ಒಪ್ಪಿದ್ರೆ ಪೂವಿ ಮನೇಲೇ ಇರ್ಲಿ. ಒಬ್ಬಳಿಗೆ ಆಗುವ ಕೆಲಸ ಅಲ್ಲ," ಅಂದರು ಅತ್ತಿಗೆ, ನನ್ನ ಕಡೆ ನೋಡದೆ.

"ನಾಪೋಕ್ಲಿನ ಟೈಲರಿಂಗ್ ಕ್ಲಾಸ್?" ಅಣ್ಣ ಕೇಳಿದ. ನನ್ನನ್ನಲ್ಲ, ಅವರನ್ನು.

"ಐದನೇ ಕ್ಲಾಸ್ ಓದಿದವಳಿಗೆ ಅಳತೆ ಎಲ್ಲಿ ಬರ್ತದೆ ಮಾರಾಯ್ರೆ."

ಸಾರು ಬಡಿಸಿದೆ. ಬರುವ ಸೋಮವಾರವಲ್ಲ, ಅದರ ಮುಂದಿನ ಸೋಮವಾರ ಕ್ಲಾಸ್ ಶುರು. ನಾಪೋಕ್ಲಿನವರೆಗೆ ಹೋಗಿ ಹೆಸರು ಬರೆಸಿ ಬಂದವಳು ನಾನೇ. ಕೇಕ್ ಕೆಟ್ಟು ಹೋಗಲಿ. ದೇವರ ಹತ್ತಿರ ಇಷ್ಟು ಸಣ್ಣದು ಕೇಳಬಹುದು.

ಡಿಸೆಂಬರ್ 14, ಶನಿವಾರ, ಬೆಳಿಗ್ಗೆ

ಹಾಲಿಗೆ ಒಂದು ಚಮಚ ವಿನೆಗರ್ ಹಾಕಿ ಅಂದಳು ಫೋನಿನ ವೀಡಿಯೊದಲ್ಲಿ ಕೇಕ್ ಕಲಿಸುವ ಹೆಂಗಸು. ಅತ್ತಿಗೆ ಕಾಚಂಪುಳಿಯ ಬಾಟಲಿ ತೆಗೆದರು! ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ. ಒಂದಲ್ಲ, ಮೂರು ಚಮಚ. ಹಾಲು ಒಡೆದು ಚರಂಡಿ ನೀರಿನ ಹಾಗಾಯಿತು.

"ಇದೂ ವಿನೆಗರೇ ಅಲ್ವಾ?"

ತಲೆ ಆಡಿಸಿದೆ. ಹೌದಂತಲೋ ಅಲ್ಲಂತಲೋ, ಅವರೇ ತಿಳಿದುಕೊಳ್ಳಲಿ. ಆದರೆ ಕೇಕ್ ಈ ಸಲ ಕುಸಿಯಲಿಲ್ಲ, ಕಡುಕಪ್ಪಾಗಿ ಉಬ್ಬಿತು.

ಐಸಿಂಗ್ ಅಂದರೆ ಹಸಿ ಬೆಣ್ಣೆ, ಸಕ್ಕರೆ ಪುಡಿ, ಕೋಕೋ. ಬೇಯಿಸುವುದೇ ಇಲ್ಲ. ಎರಡು ಕೇಕಿನ ನಡುವೆ, ಮೇಲೆ, ಸುತ್ತ, ಗೋಡೆಗೆ ಸಿಮೆಂಟ್ ಮೆತ್ತಿದ ಹಾಗೆ. ಕೈ ನೋಯುವಷ್ಟು ತಿರುವಿದ್ದು ನಾನು. ಫೋಟೋದಲ್ಲಿ ಅತ್ತಿಗೆ.

ಸಂಜೆ

ಬೆಳ್ಯಪ್ಪಣ್ಣ ಎರಡು ತುಂಡು ತಿಂದು ಮೂರನೆಯದಕ್ಕೆ ತಟ್ಟೆ ಚಾಚಿದರು. ಮೀಸೆಯಲ್ಲೆಲ್ಲ ಐಸಿಂಗ್.

"ಎಂಥ ಬಣ್ಣ ಅಶ್ವಿತಾ. ಏನು ಹಾಕಿದ್ದೀ?"

"ಅದು ಹೇಳ್ಲಿಕ್ಕಿಲ್ಲ. ನಮ್ಮ ತವರಿನ ಗುಟ್ಟು."

ತವರಿನ ಗುಟ್ಟು. ಬಾಗಿಲ ಹಿಂದೆ ನಿಂತು ಕೇಳಿದೆ. ದೇವರೂ ಹೋಂಸ್ಟೇ ಕಡೆಯವನೇ.

"ಸೋಮವಾರದಿಂದ್ಲೇ ಶುರು ಮಾಡುವ. ಆದ್ರೆ ನಮ್ಮ ಹೋಂಸ್ಟೇ ಅಡುಗೆಮನೇಲಿ. ಮಾಡುವುದನ್ನೂ ಗೆಸ್ಟ್‌ಗಳು ನೋಡ್ಬೇಕಂತೆ."

ಅತ್ತಿಗೆಯ ನಗು ಇಳಿಯಿತು. "ಪೂವಿ ಬರ್ತಾಳೆ ಬೆಳ್ಯಪ್ಪಣ್ಣ. ಅವಳೇ ಎಲ್ಲ ಮಾಡುದು."

ಇಷ್ಟು ಹೊತ್ತು ಎಲ್ಲ ಮಾಡಿದವರು ಅವರು.

"ನಂಗೆ ಸೋಮವಾರ ಕ್ಲಾಸ್ ಉಂಟು."

ಹೇಳಿದ್ದು ನಾನೇ. ಬಾಗಿಲಿನಿಂದ ಈಚೆಗೂ ಬಂದಿದ್ದೆ.

ಬೆಳ್ಯಪ್ಪಣ್ಣ ಅಗಿಯುವುದು ನಿಲ್ಲಿಸಿದರು. "ಇವಳಿಗೆ ಮಾತು ಬರ್ತದಾ?" ಅಂತ ಅಣ್ಣನನ್ನು ಕೇಳಿದರು. ಅಣ್ಣ ತಟ್ಟೆ ನೋಡಿದ. ಯಾವಾಗಲೂ ಅದನ್ನೇ ನೋಡುವುದು.

ಡಿಸೆಂಬರ್ 16, ಸೋಮವಾರ, ಬೆಳಿಗ್ಗೆ 7

ಚೂಡಿದಾರ್ ಇಸ್ತ್ರಿ ಆಯಿತು. ನಿನ್ನೆ ಇಡೀ ದಿನ ಅತ್ತಿಗೆ ನನ್ನ ಜೊತೆ ಮಾತಾಡಲಿಲ್ಲ — ಹಬ್ಬದ ಹಾಗಿತ್ತು. ಅಣ್ಣ ಬೈಕಿನ ಹತ್ತಿರ ನಿಂತಿದ್ದಾನೆ. ನಾಪೋಕ್ಲಿಗೋ ಹೋಂಸ್ಟೇಗೋ, ಹೇಳಿಲ್ಲ. ಕೇಳುವುದೂ ಇಲ್ಲ. ಬಸ್ಸಿಗೇ ಹೋಗುತ್ತೇನೆ.

ಹೋಂಸ್ಟೇಗೆ ಹೊರಡುವ ಮೊದಲು ಅಳತೆ ಬರೆದುಕೊಳ್ಳುತ್ತ ಅತ್ತಿಗೆ ಅಡುಗೆಮನೆಯಿಂದ ಕರೆಯುತ್ತಿದ್ದಾರೆ. "ಪೂವೀ, ಮೊಟ್ಟೆ ಎಷ್ಟು ಹಾಕುದು?"

ಆರೆಂದರೂ ಹಾಕುತ್ತಾರೆ, ಹನ್ನೆರಡೆಂದರೂ ಹಾಕುತ್ತಾರೆ. ಏನು ಹೇಳಲಿ... ಬಸ್ಸಿನ ಹಾರ್ನ್ —