ಸಿ ಅಂದರೆ ಚಂದ್ರಮೌಳಿ

ಚನ್ನರಾಯಪಟ್ಟಣ
೭ ಜುಲೈ ೨೦೦೩

ಚಂದ್ರಮೌಳಿಯವರಿಗೆ ನಮಸ್ಕಾರ.

ಹಾಸನದಿಂದ ನೀವು ಬಸ್ಸಿನಲ್ಲಿ ಕಳಿಸಿದ ಕನ್ನಡ ತಂತ್ರಾಂಶದ ಎರಡನೇ ಸಿಡಿ ಸರಿಯಾಗಿದೆ. ಮೊದಲನೆಯದರಲ್ಲಿ ಫೈಲಿನ ಹೆಸರು, ಗಾತ್ರ ಎಲ್ಲ ಅದೇ ಇದ್ದರೂ, ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಅಂಕಿ, ಇಂಗ್ಲಿಷ್ ಅಕ್ಷರ ಬೆರೆತ ಆ ಉದ್ದನೆಯ ಸಂಖ್ಯೆ ನಿಮ್ಮ ಮೂಲ ಪ್ರತಿಗೆ ತಾಳೆಯಾಗದೆ ದೋಷ ಸಿಕ್ಕಿಬಿದ್ದಿತ್ತು. ಈಗ ನಮ್ಮ ಸೆಂಟರಿನ ಕಂಪ್ಯೂಟರುಗಳಲ್ಲೆಲ್ಲ ಕನ್ನಡ ಮೂಡುತ್ತಿದೆ.

ಆದರೆ ಬೇರೊಂದು ತೊಡಕಾಗಿದೆ. ಫೋನಿರುವುದು ಅಪ್ಪಾಜಿಯ ತೆಂಗಿನಕಾಯಿ ಮಂಡಿಯಲ್ಲಿ. ಫೋನಿನಲ್ಲಿ ಬಿ, ಸಿ, ಡಿ ಎಲ್ಲ ಒಂದೇ ಥರ ಕೇಳುತ್ತವೆಂದು, ತಾಳೆ ನೋಡಲು ನಿಮಗೆ ಹೇಳುವ ಸಂಖ್ಯೆಯ ನಡುವೆ ಸಿ ಬಂದಾಗಲೆಲ್ಲ ‘ಸಿ ಅಂದ್ರೆ ಚಂದ್ರಮೌಳಿ’ ಎಂದು ಕೂಗಿ ಓದುತ್ತಿದ್ದೆನಲ್ಲ, ಮಂಡಿಗೆ ಬುತ್ತಿ ತಂದ ಅವ್ವ ಅದನ್ನು ಶಿವನಾಮದ ಜಪವೆಂದುಕೊಂಡು ಕೈಮುಗಿದಳು. ಅಪ್ಪಾಜಿ ಅಷ್ಟು ಸುಲಭಕ್ಕೆ ಮೋಸ ಹೋಗುವವರಲ್ಲ.

“ಬಿ ಅಂದ್ರೆ ಬಾಳೆಹಣ್ಣು, ಡಿ ಅಂದ್ರೆ ಡಬ್ಬ, ಸರಿ ಕಣವ್ವ. ಸಿ ಅನ್ನಾಕೆ ನಮ್ಮೂರು ಚನ್ನರಾಯಪಟ್ಣ ಇರ್ನಿಲ್ವಾ?”

ಅವರು ಒಂದೆರಡು ಕಾಯಿ ಅಲ್ಲಾಡಿಸಿ ನೋಡಿ, “ಬಾನುವಾರ ಊಟಕ್ಕೆ ಬರಾಕೇಳು, ನೋಡಾನ” ಎಂದರು.

ಬೆಳಗಿನ ಬಸ್ಸಿಗೇ ಬನ್ನಿ. ಬರುವುದಾದರೆ ಮೊದಲೇ ಎರಡು ಸಾಲು ಬರೆಯಿರಿ. ಸಿಡಿಯ ಜೊತೆ ನೀವಿಡುವ ಚೀಟಿಗಳೆಲ್ಲ ಆಫೀಸಿನ ಅರ್ಜಿಯ ಹಾಗೆ ‘ಮಾನ್ಯರೇ’ ಎಂದೇ ಶುರುವಾಗುತ್ತವೆ. ಈ ಸಲ ದಯವಿಟ್ಟು ಕೊನೆಯ ‘ರೇ’ ಬಿಟ್ಟುಬಿಡಿ. ಒಂದೇ ಒಂದು ಅಕ್ಷರ ಬದಲಾದರೂ ಇಡೀ ಲೆಕ್ಕವೇ ಬೇರೆಯಾಗುತ್ತದೆ ಎಂದು ಹೇಳಿಕೊಟ್ಟವರು ನೀವೇ.

ಇಂತಿ,
ಮಾನ್ಯ