ಗುರುವಾರದ ಪಾಠಕ್ಕೆ ಬಾ

ಅಮ್ಮಾ,

ಚೆನ್ನಾಗಿದ್ದೇನೆ. ಹಾಸ್ಟೆಲ್ ಊಟದ ವಿಷಯ ಮಾತ್ರ ಕೇಳಬೇಡ.

ಹೈಸ್ಕೂಲಿನ ಗಣಿತ ಮೇಷ್ಟ್ರುಗಳನ್ನು ತಯಾರು ಮಾಡಲು ನಮ್ಮ ವಿಶ್ವವಿದ್ಯಾಲಯವೂ ಪಕ್ಕದ ಊರಿನದೂ ಈ ವರ್ಷ ಕೈ ಜೋಡಿಸಿವೆ. ಎರಡೂ ಕಡೆಯವರು ಕೂಡಿ ಒಂದು ಪಾಠ ಕಟ್ಟುತ್ತೇವೆ. ಒಬ್ಬರು ಬೋರ್ಡಿನ ಮುಂದೆ ನಿಂತರೆ, ಉಳಿದವರು ಪಾಠ ಕೇಳುವವರ ಮುಖವನ್ನಷ್ಟೇ ನೋಡುತ್ತಾರೆ. ಮೊನ್ನೆ ನಾನು ಸಮೀಕರಣ ಬಿಡಿಸುತ್ತಾ "ಇದು ತುಂಬಾ ಸುಲಭ" ಎಂದೆ. ಆ ಕಡೆಯ ಹಿರಿಯ ಮೇಡಂ ಅಲ್ಲೇ ತಡೆದರು: "ಸುಲಭ ಅಂದ್ಬಿಟ್ರೆ, ಅರ್ಥ ಆಗ್ದೇ ಇರೋರು ಬಾಯೇ ಬಿಡಲ್ಲ ಕಣಮ್ಮ."

ನನಗೆ ನೀನು ನೆನಪಾದೆ. ನಾನು ಲೆಕ್ಕ ಹಿಡಿದು ಬಂದಾಗಲೆಲ್ಲ ನೀನು "ಅಪ್ಪನ್ನ ಕೇಳು, ನಂಗೆ ಕೆಲ್ಸ ಇದೆ" ಎನ್ನುತ್ತಾ, ಒರೆಸಿದ್ದ ಅಡುಗೆಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆಯಲ್ಲ.

ಗುರುವಾರದ ಪಾಠಕ್ಕೆ, ಶಾಲೆಯಲ್ಲಿ ಗಣಿತಕ್ಕೆ ಹೆದರಿದ್ದ ದೊಡ್ಡವರನ್ನು ಕರೆಯಬೇಕಂತೆ. ನಿನ್ನನ್ನು ಕೇಳದೆ ನಿನ್ನ ಹೆಸರು ಕೊಟ್ಟುಬಿಟ್ಟಿದ್ದೇನೆ, ಬೈಯಬೇಡ. ಬೆಳಗಿನ ಬಸ್ಸಿಗೆ ಬಾ. ಕನ್ನಡಕ ಮರೆಯಬೇಡ. ಅಪ್ಪನೂ ಬಂದರೆ ಹೊರಗೇ ಕೂರಲಿ. ಒಳಗೆ ಬಿಟ್ಟರೆ ಉತ್ತರ ಪಿಸುಗುಟ್ಟುತ್ತಾರೆ.

ಇನ್ನೊಂದು ಮಾತು. ಪಾಠ ಮಾಡುತ್ತಿರುವವಳು ಮಗಳು ಅಂತ ಸುಮ್ಮನೆ ತಲೆಯಾಡಿಸಬೇಡ. ತಿಳಿಯದಿದ್ದರೆ ಕೈ ಎತ್ತು, ಮತ್ತೆ ಹೇಳುತ್ತೇನೆ. ಆಗಲೂ ತಿಳಿಯದಿದ್ದರೆ ಬೇರೆ ಥರ ಹೇಳುತ್ತೇನೆ. ಶೂ ಲೇಸ್ ಕಟ್ಟಲು ನನಗೆ ಒಂದಿಡೀ ವರ್ಷ ಕಲಿಸಿದೆ. ಒಮ್ಮೆಯೂ ನೀನು ಅದನ್ನು ಸುಲಭ ಎನ್ನಲಿಲ್ಲ.

ನಿನ್ನ ಮಗಳು,
ಗುರುವಾರದ ಮಟ್ಟಿಗೆ ನಿನ್ನ ಟೀಚರು